ಸಂಪರ್ಕ ವಿವರಗಳನ್ನು ಅಂತರ್ಜಾಲದಲ್ಲಿ ಕೊಡುವುದು, ಬದಲಾದಾಗ ತಿದ್ದುವುದು: ಒಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ನನ್ನ ಫೋನಿನಲ್ಲಿ ‘ಅಕ್ಕ’, ‘ಅಕ್ಕ ಹೊಸದು’, ‘ಅಕ್ಕ ಹೊಸ ನಂಬರ್’ ಎಂಬ ಮೂರು ಹೆಸರುಗಳಿದ್ದವು. ಒಂದು ರಾತ್ರಿ ತುರ್ತಾಗಿ ಅವಳೊಡನೆ ಮಾತನಾಡಬೇಕಾಗಿ ಬಂತು. ಆತುರದಲ್ಲಿ ಮೊದಲನೆಯ ಹೆಸರನ್ನೇ ಒತ್ತಿದೆ. ನಿದ್ದೆಯಿಂದ ಎದ್ದ ಅಪರಿಚಿತರೊಬ್ಬರು, ಆ ನಂಬರ್ ತಮ್ಮದಾಗಿ ವರ್ಷ ಕಳೆದಿದೆಯೆಂದೂ, ಅಕ್ಕನ ಹೆಸರು ಕೇಳಿಕೊಂಡು ಇನ್ನೂ ಕರೆಗಳು ಬರುತ್ತಿವೆಯೆಂದೂ, ಅವಳ ಯಾವುದೋ ಖಾತೆಯ ಒಟಿಪಿಗಳು ಕೂಡ ಆಗಾಗ ತಮಗೇ ಬರುತ್ತವೆಯೆಂದೂ ಬೇಸರವಿಲ್ಲದೆ ಹೇಳಿದರು. ಎರಡನೆಯ ನಂಬರ್ ಸ್ವಿಚ್ ಆಫ್ ಆಗಿತ್ತು. ಮೂರನೆಯದರಲ್ಲಿ ಅಕ್ಕ ಸಿಕ್ಕಳು.

ಅಕ್ಕ ಅಜಾಗರೂಕಳಲ್ಲ. ನಂಬರ್ ಬದಲಾಯಿಸಿದಾಗ ಮನೆಯವರಿಗೆಲ್ಲ ಹೇಳಿದ್ದಳು. ಆದರೆ ಹಳೆಯ ನಂಬರನ್ನು ಅದುವರೆಗೆ ಎಲ್ಲೆಲ್ಲಿ ಕೊಟ್ಟಿದ್ದಳೆಂಬುದು ಅವಳಿಗೇ ನೆನಪಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರ ಸ್ಥಿತಿಯೂ ಇದೇ. ಫೋನ್ ನಂಬರ್, ಇಮೇಲ್ ವಿಳಾಸ, ಮನೆ ವಿಳಾಸ ಇವುಗಳನ್ನು ಕೊಡುವುದು ಒಂದು ಕ್ಷಣದ ಕೆಲಸ. ಕೊಟ್ಟ ಮೇಲೆ ಅವು ಬೇರೆಯವರ ಪಟ್ಟಿಗಳಲ್ಲಿ ಕುಳಿತುಬಿಡುತ್ತವೆ, ಅಲ್ಲಿಗೆ ನಮ್ಮ ಕೈ ಹೋಗುವುದಿಲ್ಲ. ಯಾರಿಗೆ ಏನು ಕೊಟ್ಟಿದ್ದೇವೆ ಎಂಬ ಲೆಕ್ಕವೊಂದು ನಮ್ಮ ಬಳಿ ಇದ್ದರೆ ಮಾತ್ರ ಮುಂದೆ ಅವುಗಳನ್ನು ತಿದ್ದಿಸಲು ಸಾಧ್ಯ. ಆದ್ದರಿಂದ ಈ ಮಾರ್ಗದರ್ಶಿಯನ್ನು ಆ ಲೆಕ್ಕದಿಂದಲೇ ಆರಂಭಿಸುತ್ತೇನೆ.

ಮೊದಲ ಹೆಜ್ಜೆ: ಕೊಟ್ಟದ್ದರ ಪಟ್ಟಿ

ಒಂದು ನೋಟ್‌ಬುಕ್ಕಿನಲ್ಲಾಗಲಿ, ಪಾಸ್‌ವರ್ಡ್ ಮ್ಯಾನೇಜರಿನ (ಪಾಸ್‌ವರ್ಡುಗಳನ್ನು ಭದ್ರವಾಗಿ ಕೂಡಿಟ್ಟುಕೊಳ್ಳುವ ಆ್ಯಪ್) ಟಿಪ್ಪಣಿಯಲ್ಲಾಗಲಿ ನಾಲ್ಕು ಅಂಕಣಗಳನ್ನು ಮಾಡಿಕೊಳ್ಳಿ: ಯಾವ ವಿವರ, ಯಾರಿಗೆ, ಯಾವ ಉದ್ದೇಶಕ್ಕೆ, ಯಾವ ದಿನಾಂಕದಂದು. ಖಾತೆಗಳ ಪಾಸ್‌ವರ್ಡನ್ನು ಇದರಲ್ಲಿ ಬರೆಯಬಾರದು. ಇದು ವಿಳಾಸಗಳ ಲೆಕ್ಕವಷ್ಟೇ.

ಹಳೆಯದನ್ನು ನೆನಪಿನಿಂದ ಬರೆಯಲು ಕುಳಿತರೆ ಹತ್ತು ಹೆಸರಿಗೇ ಕೈ ನಿಲ್ಲುತ್ತದೆ. ಅದಕ್ಕೆ ಬದಲಾಗಿ ಸಾಕ್ಷ್ಯ ಇರುವ ಕಡೆ ಹುಡುಕಬೇಕು. ಬ್ರೌಸರ್ ಅಥವಾ ಪಾಸ್‌ವರ್ಡ್ ಮ್ಯಾನೇಜರ್ ಉಳಿಸಿಕೊಂಡಿರುವ ಖಾತೆಗಳ ಪಟ್ಟಿಯನ್ನು ತೆರೆಯಿರಿ. ನೀವು ಮರೆತ ಅರ್ಧದಷ್ಟು ತಾಣಗಳು ಅಲ್ಲಿಯೇ ಸಿಗುತ್ತವೆ. ಅನಂತರ ಇಮೇಲ್ ಪೆಟ್ಟಿಗೆಯಲ್ಲಿ ಸ್ವಾಗತ, ನೋಂದಣಿ, ದೃಢೀಕರಣ, ರಸೀದಿ ಎಂಬ ಅರ್ಥದ ಪದಗಳನ್ನು, ಆ ಪತ್ರಗಳು ಯಾವ ಭಾಷೆಯಲ್ಲಿ ಬರುತ್ತವೆಯೋ ಆ ಭಾಷೆಯಲ್ಲಿ, ಹಾಕಿ ಹುಡುಕಿ. ಫೋನಿನ ಎಸ್‌ಎಂಎಸ್ ಪೆಟ್ಟಿಗೆಯನ್ನು ಕೆಳಗಿನವರೆಗೆ ಸರಿಸುತ್ತ ಹೋಗಿ. ಒಟಿಪಿ ಕಳಿಸಿದ ಪ್ರತಿಯೊಂದು ಸಂಸ್ಥೆಯ ಬಳಿಯೂ ನಿಮ್ಮ ನಂಬರ್ ಇದೆ ಎಂದೇ ಅರ್ಥ. ಕೊನೆಗೆ ನಿಮ್ಮ ನಂಬರನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಸರ್ಚ್ ಮಾಡಿ. ಅಂಕಿಗಳನ್ನು ಒಟ್ಟಿಗೆ ಬರೆದು ಒಮ್ಮೆ, ನಡುವೆ ಜಾಗ ಬಿಟ್ಟು ಒಮ್ಮೆ, ದೇಶದ ಕೋಡ್ ಸೇರಿಸಿ ಇನ್ನೊಮ್ಮೆ ಹುಡುಕುವುದು ಒಳ್ಳೆಯದು, ಏಕೆಂದರೆ ಒಂದೊಂದು ಪುಟದಲ್ಲಿ ಒಂದೊಂದು ರೀತಿ ಬರೆದಿರುತ್ತಾರೆ. ಎಂದೋ ಸೇರಿಸಿ ಬಿಟ್ಟಿದ್ದ ಬಯೋಡೇಟಾ, ಯಾವುದೋ ಕಾರ್ಯಕ್ರಮದ ಸಂಘಟಕರ ಪಟ್ಟಿ ಎದುರಾದರೆ ಅದನ್ನೂ ಬರೆದುಕೊಳ್ಳಿ.

ಜನ ಸಾಮಾನ್ಯವಾಗಿ ಮರೆಯುವ ಜಾಗವೊಂದಿದೆ: ಫೋನ್ ಲಾಕ್ ಆಗಿದ್ದಾಗಲೂ ತೆರೆಯಬಹುದಾದ ತುರ್ತು ಮಾಹಿತಿಯ ಪರದೆ. ಅಪಘಾತವಾದಾಗ ಅಕ್ಕಪಕ್ಕದವರು ನೋಡುವುದು ಅದನ್ನೇ. ಅಲ್ಲಿ ನಮೂದಿಸಿರುವ ಹತ್ತಿರದವರ ನಂಬರ್ ಹಳೆಯದಾಗಿದ್ದರೆ ಅದು ಇದ್ದೂ ಇಲ್ಲದಂತೆ. ನಿಮ್ಮ ನಂಬರ್ ಬದಲಾದರೆ ನಿಮ್ಮವರ ಫೋನುಗಳ ತುರ್ತು ಪರದೆಯನ್ನೂ ತಿದ್ದಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಯಾರಿಗೆ ಯಾವುದು ಎಂದು ವಿಂಗಡಿಸುವುದು

ಎಲ್ಲರಿಗೂ ಒಂದೇ ನಂಬರ್, ಒಂದೇ ಇಮೇಲ್ ಕೊಡುವ ಅಭ್ಯಾಸವೇ ಮುಂದಿನ ತೊಡಕುಗಳಿಗೆಲ್ಲ ಮೂಲ. ಕನಿಷ್ಠ ಎರಡು ಇಮೇಲ್ ವಿಳಾಸಗಳನ್ನು ಇಟ್ಟುಕೊಳ್ಳಿ. ಒಂದು ಹಣಕಾಸು, ಗುರುತಿನ ದಾಖಲೆ, ಆರೋಗ್ಯ ಮತ್ತು ಆಪ್ತರಿಗೆ ಮಾತ್ರ ಮೀಸಲಿರಲಿ. ಇನ್ನೊಂದು ಖರೀದಿ, ನೋಂದಣಿ, ಇಮೇಲಿನಲ್ಲಿ ಬರುವ ಸುದ್ದಿಪತ್ರಗಳಿಗೆ ಇರಲಿ. ಮೊದಲನೆಯದನ್ನು ಸಾರ್ವಜನಿಕ ಪುಟಗಳಲ್ಲಿ ಎಂದೂ ಬರೆಯಬೇಡಿ.

ಎರಡನೆಯದನ್ನು ಇನ್ನೂ ಸೂಕ್ಷ್ಮವಾಗಿ ಬಳಸಬಹುದು. ಜಿಮೇಲ್‌ನಲ್ಲಿ ನಿಮ್ಮ ವಿಳಾಸದ ಹೆಸರಿನ ಭಾಗದ ಕೊನೆಗೆ ಒಂದು ಪ್ಲಸ್ ಚಿಹ್ನೆ ಹಾಕಿ, ಅದರ ಮುಂದೆ ಯಾವುದೇ ಪದ ಸೇರಿಸಿದರೂ ಪತ್ರ ನಿಮ್ಮ ಪೆಟ್ಟಿಗೆಗೇ ಬರುತ್ತದೆ. ಪುಸ್ತಕದ ಅಂಗಡಿಯೊಂದಕ್ಕೆ ‘ಪುಸ್ತಕ’ ಎಂಬರ್ಥದ ಪದ ಸೇರಿಸಿದ ವಿಳಾಸ ಕೊಟ್ಟಿದ್ದರೆ, ನಾಳೆ ಆ ವಿಳಾಸಕ್ಕೆ ಸಾಲದ ಜಾಹೀರಾತು ಬಂದಾಗ ನಿಮ್ಮ ವಿವರ ಎಲ್ಲಿಂದ ಹೊರಹೋಯಿತೆಂದು ತಕ್ಷಣ ತಿಳಿಯುತ್ತದೆ. ಆದರೆ ಪ್ಲಸ್‌ನಿಂದ ಮುಂದಿನದನ್ನು ಅಳಿಸಿ ಮೂಲ ವಿಳಾಸವನ್ನು ಕಂಡುಕೊಳ್ಳುವುದು ಯಾರಿಗೂ ಕಷ್ಟವಲ್ಲ. ಮೂಲ ವಿಳಾಸವನ್ನೇ ಮರೆಮಾಡಬೇಕೆಂದರೆ ಆಪಲ್‌ನ ‘ಹೈಡ್ ಮೈ ಇಮೇಲ್’, ಮೊಝಿಲ್ಲಾದ ‘ಫೈರ್‌ಫಾಕ್ಸ್ ರಿಲೇ’ಯಂತಹ ಸೇವೆಗಳಿವೆ. ಅವು ಒಂದೊಂದು ತಾಣಕ್ಕೂ ಬೇರೆಬೇರೆ ಬದಲಿ ವಿಳಾಸ ಹುಟ್ಟಿಸಿ, ಬಂದ ಪತ್ರವನ್ನು ನಿಮಗೆ ದಾಟಿಸುತ್ತವೆ. ಬೇಡವಾದ ದಿನ ಆ ಒಂದು ವಿಳಾಸವನ್ನು ನಿಲ್ಲಿಸಿದರೆ ಸಾಕು.

ಫೋನ್ ನಂಬರಿನ ವಿಷಯದಲ್ಲಿ ಇಷ್ಟು ಅನುಕೂಲವಿಲ್ಲ. ಆದ್ದರಿಂದಲೇ ಹೆಚ್ಚು ಬಿಗಿ ಇರಬೇಕು. ಭದ್ರತೆಗೆಂದು ಕೇಳಿ ಪಡೆದ ನಂಬರ್ ಭದ್ರತೆಗಷ್ಟೇ ಬಳಕೆಯಾಗುತ್ತದೆಂಬ ಭರವಸೆಯೂ ಇಲ್ಲ. 2013ರಿಂದ 2019ರವರೆಗೆ ಖಾತೆಯ ಸುರಕ್ಷತೆಗೆಂದು ಪಡೆದ ಫೋನ್ ನಂಬರ್ ಮತ್ತು ಇಮೇಲ್‌ಗಳನ್ನು ಜಾಹೀರಾತುಗಳಿಗೂ ಬಳಸಿದ್ದಕ್ಕಾಗಿ ಟ್ವಿಟರ್ 2022ರಲ್ಲಿ ಅಮೆರಿಕದಲ್ಲಿ 15 ಕೋಟಿ ಡಾಲರ್ ದಂಡ ತೆರಬೇಕಾಯಿತು. 2021ರ ಏಪ್ರಿಲ್‌ನಲ್ಲಿ ಸುಮಾರು 53.3 ಕೋಟಿ ಫೇಸ್‌ಬುಕ್ ಬಳಕೆದಾರರ ಫೋನ್ ನಂಬರ್ ಸೇರಿದಂತೆ ಹಲವು ವಿವರಗಳು ಬಹಿರಂಗವಾಗಿ ಹರಿದಾಡಿದವು. ಫೋನಿನ ಸಂಪರ್ಕ ಪಟ್ಟಿಯಿಂದ ಸ್ನೇಹಿತರನ್ನು ಹುಡುಕಲೆಂದು ಇದ್ದ ಸೌಲಭ್ಯವನ್ನೇ ದುರುಪಯೋಗಿಸಿ ಅವನ್ನು 2019ರ ಸೆಪ್ಟೆಂಬರ್‌ಗೆ ಮುಂಚೆ ಕೆದಕಿ ತೆಗೆದಿದ್ದರು. ನಿಮ್ಮ ವಿಳಾಸ ಇಂತಹ ಸೋರಿಕೆಗಳಲ್ಲಿ ಸಿಕ್ಕಿದೆಯೇ ಎಂದು ನೋಡಲು ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ತಾಣವಿದೆ. ಅಲ್ಲಿ ಇಮೇಲ್ ವಿಳಾಸ ಕೊಟ್ಟರೆ ಅದು ಯಾವ ಯಾವ ಸೋರಿಕೆಯಲ್ಲಿ ಇದೆಯೆಂದು ತೋರಿಸುತ್ತದೆ.

ಹೀಗಾಗಿ ಯಾವುದೇ ಅರ್ಜಿಯಲ್ಲಿ ನಕ್ಷತ್ರ ಚಿಹ್ನೆ ಇಲ್ಲದ ಜಾಗಗಳನ್ನು ಖಾಲಿ ಬಿಡಿ. ಸಂದೇಶ ಕಳಿಸುವ ಆ್ಯಪ್‌ಗಳಲ್ಲಿ ಸಾಧ್ಯವಿದ್ದಲ್ಲಿ ನಂಬರಿಗೆ ಬದಲು ಬಳಕೆದಾರ ಹೆಸರು ಕೊಡಿ. ಟೆಲಿಗ್ರಾಂನಲ್ಲಿ ಈ ಸೌಲಭ್ಯ ಬಹಳ ಹಿಂದಿನಿಂದ ಇದೆ, ಸಿಗ್ನಲ್‌ನಲ್ಲಿ 2024ರಲ್ಲಿ ಬಂದಿತು. ಜೊತೆಗೆ ‘ನನ್ನ ನಂಬರ್ ಯಾರಿಗೆ ಕಾಣಬೇಕು’, ‘ನಂಬರ್ ಮೂಲಕ ನನ್ನನ್ನು ಯಾರು ಹುಡುಕಬಹುದು’ ಎಂಬ ಎರಡು ಆಯ್ಕೆಗಳನ್ನು ಪ್ರತ್ಯೇಕವಾಗಿ ನೋಡಬೇಕು. ಇವೆರಡೂ ಒಂದೇ ಅಲ್ಲ. ಮೊದಲನೆಯದನ್ನು ಮುಚ್ಚಿ ಎರಡನೆಯದನ್ನು ತೆರೆದಿಟ್ಟರೆ, ನಂಬರ್ ಗೊತ್ತಿರುವವರು ನಿಮ್ಮ ಖಾತೆಯನ್ನು ಆಗಲೂ ಕಂಡುಹಿಡಿಯಬಹುದು.

ಮೂರನೆಯ ಹೆಜ್ಜೆ: ಒಬ್ಬರಿಗೆ ಕೊಡುವಾಗ ಪೂರ್ಣವಾಗಿ, ಸರಿಯಾಗಿ ಕೊಡುವುದು

ಕೊಡಬೇಕಾದವರಿಗೆ ಕೊಡುವಾಗ ಅರೆಬರೆ ಕೊಡಬಾರದು. ಸಂದೇಶದಲ್ಲಿ ಬರೀ ಅಂಕಿಗಳನ್ನು ಕಳಿಸಿದರೆ ಅವರು ಅದನ್ನು ‘ಹೊಸದು’ ಎಂದೋ ‘ನಂಬರ್ ಎರಡು’ ಎಂದೋ ಉಳಿಸಿಕೊಳ್ಳುತ್ತಾರೆ. ನನ್ನ ಫೋನಿನಲ್ಲಿ ಮೂವರು ಅಕ್ಕಂದಿರು ಹುಟ್ಟಿದ್ದು ಹೀಗೆಯೇ. ಫೋನಿನಲ್ಲಿ ನಿಮ್ಮದೇ ಹೆಸರಿನ ಕಾರ್ಡ್ ಒಂದನ್ನು ಸಿದ್ಧಪಡಿಸಿಕೊಂಡು ಅದನ್ನೇ ಕಳಿಸುವುದು ಉತ್ತಮ. ಹೀಗೆ ಕಳಿಸುವಾಗ ಹೋಗುವುದು ವಿ-ಕಾರ್ಡ್ ಎಂಬ ಸಣ್ಣ ಕಡತ. 1990ರ ದಶಕದ ನಡುವಿನಲ್ಲಿ ರೂಪುಗೊಂಡ ಈ ವಿನ್ಯಾಸವನ್ನು ಬಹುತೇಕ ಎಲ್ಲ ಫೋನುಗಳೂ ಇಮೇಲ್ ತಂತ್ರಾಂಶಗಳೂ ಓದಬಲ್ಲವು.

ಕಾರ್ಡ್ ತಯಾರಿಸುವಾಗ ನಂಬರನ್ನು ಅಂತರರಾಷ್ಟ್ರೀಯ ರೂಪದಲ್ಲಿ ಬರೆಯಿರಿ: ಪ್ಲಸ್ ಚಿಹ್ನೆ, ದೇಶದ ಕೋಡ್, ಆಮೇಲೆ ನಂಬರ್. ಸ್ಥಳೀಯವಾಗಿ ಕರೆ ಮಾಡುವಾಗ ಮುಂದೆ ಹಾಕುವ ಸೊನ್ನೆಯನ್ನು ಸಾಮಾನ್ಯವಾಗಿ ಬಿಡಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡದಂತೆ ದೇಶದ ಕೋಡ್ ಸೇರಿ ಒಟ್ಟು ಅಂಕಿಗಳು 15ನ್ನು ಮೀರುವುದಿಲ್ಲ. ಹೀಗೆ ಬರೆದ ನಂಬರ್ ಯಾವ ದೇಶದಲ್ಲಿ ತೆರೆದರೂ ಕರೆ ಹೋಗುತ್ತದೆ, ಸಂದೇಶದ ಆ್ಯಪ್‌ಗಳೂ ಅದನ್ನು ತಪ್ಪಿಲ್ಲದೆ ಗುರುತಿಸುತ್ತವೆ.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇಲ್ಲಿ ಒಂದು ವಿಶೇಷ ಸೂಚನೆ ಇದೆ. ಹಲವು ಫೋನುಗಳು ಈಗಲೂ ವಿ-ಕಾರ್ಡಿನ 2.1 ಎಂಬ ಹಳೆಯ ಆವೃತ್ತಿಯಲ್ಲಿಯೇ ಕಡತ ಮಾಡುತ್ತವೆ. ಅದರಲ್ಲಿ ಕನ್ನಡದ ಪ್ರತಿಯೊಂದು ಅಕ್ಷರವನ್ನೂ ಸಂಕೇತಗಳಾಗಿ ಮುರಿದು ಇಡಲಾಗುತ್ತದೆ. ತೆರೆಯುವ ತಂತ್ರಾಂಶಕ್ಕೆ ಅದನ್ನು ಮತ್ತೆ ಕೂಡಿಸಲು ಬಾರದಿದ್ದರೆ ಹೆಸರಿನ ಜಾಗದಲ್ಲಿ ಸಮ ಚಿಹ್ನೆಗಳೂ ಅಂಕಿಗಳೂ ಸಾಲುಸಾಲಾಗಿ ಕಾಣುತ್ತವೆ. 2011ರಲ್ಲಿ ಬಂದ 4.0 ಆವೃತ್ತಿಯಲ್ಲಿ ಎಲ್ಲ ಭಾಷೆಗಳ ಅಕ್ಷರಗಳನ್ನೂ ಹಿಡಿಯಬಲ್ಲ ಯುಟಿಎಫ್-8 ಎಂಬ ಸಂಕೇತ ಪದ್ಧತಿಯನ್ನು ಬಳಸುವುದು ನಿಯಮವೇ ಆದ್ದರಿಂದ ಈ ತೊಂದರೆ ಇಲ್ಲ. ಯಾರಿಗಾದರೂ ಕಳಿಸುವ ಮುನ್ನ ಕಾರ್ಡನ್ನು ನಿಮ್ಮದೇ ಇನ್ನೊಂದು ಇಮೇಲಿಗೆ ಕಳಿಸಿ, ತೆರೆದು ನೋಡಿ. ಹಾಗೆಯೇ ಹೆಸರಿನ ಉಚ್ಚಾರಣೆಗೆಂದು ಇರುವ ಜಾಗದಲ್ಲಿ ಅದೇ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿಯೂ ಬರೆದರೆ, ಕನ್ನಡ ಕೀಲಿಮಣೆ ಇಲ್ಲದವರಿಗೂ ನಿಮ್ಮನ್ನು ಹುಡುಕಲು ಅನುಕೂಲವಾಗುತ್ತದೆ.

ಕಾರ್ಡಿನಲ್ಲಿರುವುದನ್ನೆಲ್ಲ ಎಲ್ಲರಿಗೂ ಕಳಿಸಬೇಕಾಗಿಲ್ಲ. ಹುಟ್ಟಿದ ದಿನ, ಮನೆ ವಿಳಾಸ, ಸಂಬಂಧಿಕರ ಹೆಸರು, ಟಿಪ್ಪಣಿಗಳು ಅದರೊಳಗೆ ಸದ್ದಿಲ್ಲದೆ ಸೇರಿಕೊಂಡಿರುತ್ತವೆ. ಐಫೋನಿನಲ್ಲಿ ಹಂಚುವ ಮುನ್ನ ಯಾವ ವಿವರ ಹೋಗಬೇಕೆಂದು ಆರಿಸಬಹುದು. ಆ ಆಯ್ಕೆ ಇಲ್ಲದ ಫೋನಿನಲ್ಲಿ ಹೊರಗಿನವರಿಗೆಂದೇ ಹೆಸರು, ಒಂದು ನಂಬರ್, ಒಂದು ಇಮೇಲ್ ಮಾತ್ರ ಇರುವ ಎರಡನೆಯ ಕಾರ್ಡ್ ಮಾಡಿಟ್ಟುಕೊಳ್ಳಿ.

ಕ್ಯೂಆರ್ ಕೋಡ್ ಮೂಲಕ ಕೊಡುವುದಾದರೆ ಅದು ಯಾವ ಬಗೆಯದೆಂದು ತಿಳಿದಿರಬೇಕು. ವಿವರಗಳನ್ನೇ ಚೌಕಗಳಲ್ಲಿ ಅಡಗಿಸಿದ ಕೋಡನ್ನು ಒಮ್ಮೆ ಮುದ್ರಿಸಿದ ಮೇಲೆ ಬದಲಿಸಲಾಗದು. ನಂಬರ್ ಬದಲಾದ ದಿನ ಅದು ರದ್ದಿ. ಜಾಲದ ಪುಟವೊಂದಕ್ಕೆ ಕರೆದೊಯ್ಯುವ ಕೋಡಾದರೆ, ಪುಟವನ್ನು ತಿದ್ದಿದರೆ ಸಾಕು, ಮುದ್ರಿತ ಕಾರ್ಡ್ ಹಾಗೆಯೇ ನಡೆಯುತ್ತದೆ. ಆದರೆ ಆ ಪುಟವನ್ನು ನಡೆಸುವ ಸೇವೆ ನಿಂತರೆ ಎಲ್ಲ ಕಾರ್ಡುಗಳೂ ಒಟ್ಟಿಗೆ ಸಾಯುತ್ತವೆ. ನನ್ನ ಆಯ್ಕೆ ಎರಡನೆಯದು, ಅದೂ ಪುಟದ ವಿಳಾಸ ನಮ್ಮದೇ ಆಗಿದ್ದರೆ ಮಾತ್ರ. ವಾಟ್ಸ್ಆ್ಯಪ್ ತೋರಿಸುವ ನಿಮ್ಮ ಕ್ಯೂಆರ್ ಕೋಡಿನ ಚಿತ್ರವನ್ನು ಸಾರ್ವಜನಿಕವಾಗಿ ಹಾಕುವುದೂ ನಂಬರನ್ನೇ ಹಾಕುವುದೂ ಒಂದೇ. ಈಗಾಗಲೇ ಹಾಕಿದ್ದರೆ ಆ್ಯಪಿನಲ್ಲಿಯೇ ಅದನ್ನು ರೀಸೆಟ್ ಮಾಡಿ ಹಳೆಯದನ್ನು ನಿಷ್ಕ್ರಿಯಗೊಳಿಸಬಹುದು.

ನಾಲ್ಕನೆಯ ಹೆಜ್ಜೆ: ಹಲವರ ವಿವರ ಸಂಗ್ರಹಿಸುವಾಗ

ಸಹಪಾಠಿಗಳ ಕೂಟಕ್ಕೋ ಸಂಘದ ಸದಸ್ಯರ ಪಟ್ಟಿಗೋ ಎಲ್ಲರ ವಿವರ ಬೇಕಾದಾಗ, ಯಾರಾದರೂ ಒಂದು ಆನ್‌ಲೈನ್ ಹಾಳೆ ತೆರೆದು ‘ಎಲ್ಲರೂ ನಿಮ್ಮ ವಿವರ ತುಂಬಿ’ ಎಂದು ಲಿಂಕ್ ಹಾಕುವುದು ವಾಡಿಕೆ. ದಯವಿಟ್ಟು ಹೀಗೆ ಮಾಡಬೇಡಿ. ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದಾದ ಹಾಳೆ, ಲಿಂಕ್ ಎಲ್ಲಿಗೆ ಹೋದರೂ ಅದರ ಹಿಂದೆಯೇ ಹೋಗುತ್ತದೆ. ಯಾರೋ ಒಬ್ಬರು ತಿಳಿಯದೆ ಒಂದು ಅಂಕಿ ಅಳಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಹಾಳೆಯ ಬದಲು ಫಾರ್ಮ್ ಬಳಸಿ. ತುಂಬುವವರಿಗೆ ಪ್ರಶ್ನೆಗಳು ಮಾತ್ರ ಕಾಣುತ್ತವೆ, ಬೇರೆಯವರ ಉತ್ತರ ಕಾಣುವುದಿಲ್ಲ. ಗೂಗಲ್ ಫಾರ್ಮ್ಸ್ ಬಳಸುವುದಾದರೆ ಎರಡು ಸೆಟ್ಟಿಂಗ್ ನೋಡಿಕೊಳ್ಳಬೇಕು: ಉತ್ತರಗಳ ಸಾರಾಂಶವನ್ನು ತುಂಬಿದವರಿಗೆ ತೋರಿಸುವ ಆಯ್ಕೆ ಮುಚ್ಚಿರಲಿ, ಕಳಿಸಿದ ಉತ್ತರವನ್ನು ಆಮೇಲೆ ತಿದ್ದಲು ಅವಕಾಶ ಕೊಡುವ ಆಯ್ಕೆ ತೆರೆದಿರಲಿ. ಎರಡನೆಯದು ತೆರೆದಿದ್ದರೆ ಸದಸ್ಯರು ನಂಬರ್ ಬದಲಾದಾಗ ತಮ್ಮ ಉತ್ತರವನ್ನು ತಾವೇ ತಿದ್ದಬಹುದು. ಸಂಗ್ರಹಿಸುವವರ ಅರ್ಧ ಕೆಲಸ ಇಳಿಯುತ್ತದೆ. ಫಾರ್ಮಿನ ಮೇಲ್ಭಾಗದಲ್ಲಿ ಮೂರು ವಾಕ್ಯ ಬರೆಯಿರಿ: ಈ ವಿವರ ಯಾವುದಕ್ಕೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ. ಬರೆದ ದಿನಾಂಕ ಬಂದಾಗ ನಿಜವಾಗಿಯೂ ಅಳಿಸಿ.

ಎಲ್ಲರಿಗೂ ಒಟ್ಟಿಗೆ ಇಮೇಲ್ ಮಾಡುವಾಗ ವಿಳಾಸಗಳನ್ನು ಬಿಸಿಸಿ ಜಾಗದಲ್ಲಿ ಹಾಕಬೇಕು, ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಇನ್ನೊಬ್ಬರ ನಂಬರ್ ಕೇಳಿದವರಿಗೆ ನೇರವಾಗಿ ಕೊಡುವ ಬದಲು, ಕೇಳಿದವರ ನಂಬರನ್ನು ಅವರಿಗೆ ತಲುಪಿಸಿ ‘ಬೇಕಿದ್ದರೆ ನೀವೇ ಕರೆ ಮಾಡಿ’ ಎನ್ನುವುದು ಸೌಜನ್ಯ. ನಮ್ಮ ಫೋನಿನ ಪಟ್ಟಿಯಲ್ಲಿ ಇರುವುದು ಬೇರೆಯವರು ನಮ್ಮನ್ನು ನಂಬಿ ಕೊಟ್ಟದ್ದು. ಹೊಸ ಆ್ಯಪ್ ‘ಸಂಪರ್ಕ ಪಟ್ಟಿಗೆ ಅನುಮತಿ ಕೊಡಿ’ ಎಂದು ಕೇಳಿದಾಗ ಒತ್ತುವ ಬೆರಳು ನಮ್ಮದಾದರೂ ಹೋಗುವ ನಂಬರುಗಳು ಅವರವು. 2024ರಲ್ಲಿ ಬಂದ ಐಒಎಸ್ 18ರಿಂದ ಈಚೆಗೆ ಐಫೋನಿನಲ್ಲಿ ಇಡೀ ಪಟ್ಟಿಯ ಬದಲು ಆಯ್ದ ಕೆಲವರನ್ನು ಮಾತ್ರ ಆ್ಯಪಿಗೆ ತೋರಿಸಬಹುದು. ಅನುಮತಿ ಬೇಡವೆಂದರೂ ಬಹಳಷ್ಟು ಆ್ಯಪ್‌ಗಳು ಸುಸೂತ್ರವಾಗಿ ನಡೆಯುತ್ತವೆ.

ಐದನೆಯ ಹೆಜ್ಜೆ: ಫೋನ್ ನಂಬರ್ ಬದಲಿಸುವಾಗ

ಇದು ಇಡೀ ಕೆಲಸದಲ್ಲಿ ಅತ್ಯಂತ ಎಚ್ಚರ ಬೇಡುವ ಭಾಗ. ಬಿಟ್ಟ ನಂಬರ್ ಹಾಗೆಯೇ ಮಾಯವಾಗುವುದಿಲ್ಲ. ಕೆಲವು ಕಾಲದ ನಂತರ ಸೇವಾ ಕಂಪನಿ ಅದನ್ನು ಇನ್ನೊಬ್ಬರಿಗೆ ಕೊಡುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಅಮೆರಿಕದ ಎರಡು ದೊಡ್ಡ ಕಂಪನಿಗಳಲ್ಲಿ ಹೊಸ ಗ್ರಾಹಕರಿಗೆ ಲಭ್ಯವಿದ್ದ 259 ನಂಬರುಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ 171 ನಂಬರುಗಳು ಜನಪ್ರಿಯ ಜಾಲತಾಣಗಳಲ್ಲಿ ಆಗಲೇ ಯಾರದೋ ಖಾತೆಗಳಿಗೆ ಜೋಡಿಸಿಕೊಂಡಿದ್ದುದು ಕಂಡುಬಂತು. ಹೊಸ ಮಾಲೀಕರು ಮನಸ್ಸು ಮಾಡಿದರೆ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿ ಆ ಖಾತೆಗಳ ಬಾಗಿಲು ತಟ್ಟಬಹುದಿತ್ತು. ನನ್ನ ಅಕ್ಕನ ನಂಬರ್ ಪಡೆದವರು ಒಳ್ಳೆಯವರಾಗಿದ್ದರು ಎಂಬುದು ನಮ್ಮ ಪುಣ್ಯ.

ಆದ್ದರಿಂದ ಮೊದಲ ನಿಯಮ: ಹೊಸ ನಂಬರ್ ಬಂದ ಮೇಲೂ ಹಳೆಯ ಸಿಮ್ ಚಾಲ್ತಿಯಲ್ಲಿರಲಿ. ಕನಿಷ್ಠ ಮೂರು ತಿಂಗಳು ಎರಡನ್ನೂ ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ, ಏಕೆಂದರೆ ಮೂರು ತಿಂಗಳಿಗೊಮ್ಮೆ ಮಾತ್ರ ಸಂದೇಶ ಕಳಿಸುವ ಸಂಸ್ಥೆಗಳೂ ಇವೆ. ನಂಬರ್ ತಿದ್ದುವಾಗ ಹಲವು ತಾಣಗಳು ಹಳೆಯ ನಂಬರಿಗೊಂದು, ಹೊಸ ನಂಬರಿಗೊಂದು ಒಟಿಪಿ ಕಳಿಸುತ್ತವೆ. ಹಳೆಯ ಸಿಮ್ ನಿಂತಿದ್ದರೆ ಅಲ್ಲಿಗೆ ದಾರಿ ಮುಚ್ಚಿತು. ಗುರುತಿನ ಚೀಟಿ ಹಿಡಿದು ಕಚೇರಿಗೆ ಅಲೆಯಬೇಕಾಗುತ್ತದೆ.

ಎರಡನೆಯದು ಕ್ರಮ. ಮೊದಲು ಇಮೇಲ್ ಖಾತೆಯ ಮರುಪ್ರಾಪ್ತಿ ನಂಬರ್ ತಿದ್ದಿ, ಏಕೆಂದರೆ ಉಳಿದ ಎಲ್ಲ ಖಾತೆಗಳ ಕೀಲಿ ಇರುವುದು ಇಮೇಲಿನಲ್ಲಿ. ಆಮೇಲೆ ಬ್ಯಾಂಕ್, ವಿಮೆ, ಹೂಡಿಕೆ, ಸರ್ಕಾರಿ ಗುರುತಿನ ದಾಖಲೆ. ಅನಂತರ ಕೆಲಸದ ಸ್ಥಳ, ವೈದ್ಯರು, ಮಕ್ಕಳ ಶಾಲೆ. ಕೊನೆಗೆ ಖರೀದಿಯ ತಾಣಗಳು ಮತ್ತು ಉಳಿದವು. ಪ್ರತಿಯೊಂದರಲ್ಲೂ ಹೊಸದನ್ನು ಮೊದಲು ಸೇರಿಸಿ, ದೃಢೀಕರಿಸಿ, ಹೊರಗೆ ಬಂದು ಮತ್ತೆ ಒಳಗೆ ಹೋಗಿ ನೋಡಿ, ಆಮೇಲಷ್ಟೇ ಹಳೆಯದನ್ನು ತೆಗೆಯಿರಿ. ಆತುರದಲ್ಲಿ ಹಳೆಯದನ್ನು ಮೊದಲು ಅಳಿಸಿ, ಹೊಸದನ್ನು ಬರೆಯುವಾಗ ಒಂದು ಅಂಕಿ ತಪ್ಪಿದರೆ ಖಾತೆಯೇ ಕೈತಪ್ಪುತ್ತದೆ. ಈ ಸಂದರ್ಭದಲ್ಲಿಯೇ, ಅವಕಾಶ ಇರುವ ಕಡೆಗಳಲ್ಲಿ ಎಸ್‌ಎಂಎಸ್ ಒಟಿಪಿಯ ಬದಲು ಫೋನಿನಲ್ಲಿಯೇ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಅಥವಾ ಫೋನಿನ ಬೆರಳಚ್ಚು, ಲಾಕ್ ಮೂಲಕವೇ ಖಾತೆಯೊಳಗೆ ಬಿಡುವ ಪಾಸ್‌ಕೀ ಅಳವಡಿಸಿಕೊಳ್ಳಿ. ಮುಂದಿನ ಬಾರಿ ನಂಬರ್ ಬದಲಾದಾಗ ಇಷ್ಟು ಕಷ್ಟ ಇರುವುದಿಲ್ಲ.

ಸಂದೇಶದ ಆ್ಯಪ್‌ಗಳಲ್ಲಿ ಹೊಸ ನಂಬರಿನಿಂದ ಹೊಸ ಖಾತೆ ತೆರೆಯಬೇಡಿ, ಖಾತೆಯನ್ನೇ ಹೊಸ ನಂಬರಿಗೆ ಸ್ಥಳಾಂತರಿಸಿ. ವಾಟ್ಸ್ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಖಾತೆ ವಿಭಾಗದೊಳಗೆ ನಂಬರ್ ಬದಲಾಯಿಸುವ ಆಯ್ಕೆ ಇದೆ. ಗ್ರೂಪುಗಳೂ ಪ್ರೊಫೈಲೂ ಜೊತೆಗೇ ಬರುತ್ತವೆ. ಬದಲಾವಣೆಯನ್ನು ಎಲ್ಲ ಸಂಪರ್ಕಗಳಿಗೆ ತಿಳಿಸಬೇಕೇ, ಮಾತುಕತೆ ಇರುವವರಿಗೆ ಮಾತ್ರವೇ, ಅಥವಾ ಆಯ್ದವರಿಗೆ ಮಾತ್ರವೇ ಎಂದು ಅದು ಕೇಳುತ್ತದೆ. ನೀವು ಏನನ್ನೇ ಆರಿಸಿದರೂ ನೀವಿರುವ ಗ್ರೂಪುಗಳಿಗೆ ಮಾತ್ರ ತಾನಾಗಿಯೇ ಸುದ್ದಿ ಹೋಗುತ್ತದೆ. ಆದ್ದರಿಂದ ಯಾರಿಗಾದರೂ ಹೊಸ ನಂಬರ್ ತಿಳಿಯಬಾರದೆಂದಿದ್ದರೆ, ಅವರಿರುವ ಗ್ರೂಪುಗಳಿಂದ ಮೊದಲೇ ಹೊರಬರಬೇಕು. ಟೆಲಿಗ್ರಾಂನಲ್ಲಿ ನಂಬರ್ ಬದಲಿಸಿದರೆ, ನಿಮ್ಮ ಹಳೆಯ ನಂಬರ್ ಇದ್ದವರ ಪಟ್ಟಿಗೆ ಹೊಸದು ತಾನೇ ಸೇರುತ್ತದೆ, ನೀವು ಬ್ಲಾಕ್ ಮಾಡಿದವರನ್ನು ಬಿಟ್ಟು. ಕಿರುಕುಳದ ಕಾರಣಕ್ಕೆ ನಂಬರ್ ಬದಲಿಸುತ್ತಿರುವವರು ಈ ಎರಡು ಸಂಗತಿಗಳನ್ನು ಬದಲಿಸುವ ಮೊದಲೇ ತಿಳಿದಿರಬೇಕು.

ಜನರಿಗೆ ತಿಳಿಸುವಾಗ ಹಳೆಯ ನಂಬರಿನಿಂದಲೇ ತಿಳಿಸಿ. ‘ಇದು ನನ್ನ ಹೊಸ ನಂಬರ್, ತುರ್ತಾಗಿ ಸ್ವಲ್ಪ ಹಣ ಬೇಕಿತ್ತು’ ಎಂದು ಮಕ್ಕಳ ಅಥವಾ ಸ್ನೇಹಿತರ ಹೆಸರಿನಲ್ಲಿ ಬರುವ ವಂಚನೆಯ ಸಂದೇಶಗಳು ಈಗ ಎಲ್ಲೆಡೆ ಇವೆ. ಅಪರಿಚಿತ ನಂಬರಿನಿಂದ ಬಂದ ಇಂತಹ ಮಾತನ್ನು ನಂಬದಿರುವುದೇ ವಿವೇಕ. ನಿಮ್ಮವರೂ ನಿಮ್ಮದನ್ನು ಹಾಗೆಯೇ ಸಂದೇಹದಿಂದ ನೋಡಲಿ. ಮನೆಯ ಹಿರಿಯರಿಗೆ ಸಂದೇಶ ಸಾಲದು. ಹಳೆಯ ನಂಬರಿನಿಂದ ಕರೆ ಮಾಡಿ, ದನಿ ಕೇಳಿಸಿ, ಹೊಸದನ್ನು ಹೇಳಿ, ಆಮೇಲೆ ಹೊಸದರಿಂದ ಒಂದು ಮಿಸ್ಡ್ ಕಾಲ್ ಕೊಡಿ. ಸಾಧ್ಯವಾದರೆ ಪಕ್ಕದಲ್ಲಿ ಕುಳಿತು ಅವರ ಫೋನಿನಲ್ಲಿ ಹಳೆಯ ಹೆಸರಿನ ಕೆಳಗೇ ತಿದ್ದಿಕೊಡಿ.

ಆರನೆಯ ಹೆಜ್ಜೆ: ಇಮೇಲ್ ಮತ್ತು ಮನೆ ವಿಳಾಸ

ಇಮೇಲ್ ಬದಲಿಸುವುದು ಇಷ್ಟು ಅಪಾಯದ್ದಲ್ಲ, ಆದರೆ ಹೆಚ್ಚು ದಿನ ಹಿಡಿಯುತ್ತದೆ. ಹಳೆಯ ಪೆಟ್ಟಿಗೆಗೆ ಬಂದದ್ದು ಹೊಸದಕ್ಕೆ ದಾಟುವಂತೆ ಫಾರ್ವರ್ಡ್ ಮಾಡಿಟ್ಟು, ದಾಟಿ ಬಂದ ಪತ್ರಗಳಿಗೆ ಒಂದು ಲೇಬಲ್ ಬೀಳುವಂತೆ ಮಾಡಿ. ತಿಂಗಳಿಗೊಮ್ಮೆ ಆ ಲೇಬಲ್ ತೆರೆದರೆ ಇನ್ನೂ ಯಾರ ಬಳಿ ಹಳೆಯ ವಿಳಾಸ ಉಳಿದಿದೆಯೆಂಬ ಪಟ್ಟಿ ತಾನಾಗಿಯೇ ಸಿದ್ಧವಾಗಿರುತ್ತದೆ. ಒಬ್ಬೊಬ್ಬರನ್ನೇ ತಿದ್ದಿಸುತ್ತ ಹೋಗಿ. ಉದ್ಯೋಗ ಬಿಡುವವರು ಕಚೇರಿಯ ಇಮೇಲಿಗೆ ಜೋಡಿಸಿದ ವೈಯಕ್ತಿಕ ಖಾತೆಗಳನ್ನು ಕೊನೆಯ ದಿನಕ್ಕೆ ಬಹಳ ಮುಂಚೆಯೇ ಬಿಡಿಸಿಕೊಳ್ಳಬೇಕು. ಆ ಪೆಟ್ಟಿಗೆ ಮುಚ್ಚಿದ ಮೇಲೆ ಪಾಸ್‌ವರ್ಡ್ ಮರಳಿ ಪಡೆಯುವ ದಾರಿಯೇ ಇರುವುದಿಲ್ಲ. ಹಳೆಯ ವೈಯಕ್ತಿಕ ಪೆಟ್ಟಿಗೆಯನ್ನು ಉಳಿಸಿಕೊಳ್ಳುವುದಾದರೆ ಆಗಾಗ ಒಳಗೆ ಹೋಗಿ ಬನ್ನಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ.

ಮನೆ ಬದಲಿಸಿದಾಗ ಖರೀದಿಯ ತಾಣಗಳಲ್ಲಿ ಹೊಸ ವಿಳಾಸ ಸೇರಿಸಿದರೆ ಸಾಲದು, ಹಳೆಯದನ್ನು ಅಳಿಸಲೇಬೇಕು. ಪೂರ್ವನಿಗದಿತ ವಿಳಾಸವಾಗಿ ಅದೇ ಉಳಿದಿದ್ದರೆ ಆರು ತಿಂಗಳ ನಂತರವೂ ಒಂದು ಪೊಟ್ಟಣ ಹಳೆಯ ಬಾಗಿಲಿಗೆ ಹೋಗುತ್ತದೆ. ದಾರಿ ತೋರಿಸಲು ಲೈವ್ ಲೊಕೇಶನ್ ಕಳಿಸುವಾಗ ಅತಿ ಕಡಿಮೆ ಅವಧಿ ಆರಿಸಿ. ವಾಟ್ಸ್ಆ್ಯಪಿನಲ್ಲಿ ಅದು 15 ನಿಮಿಷ. ಮ್ಯಾಪ್ ಆ್ಯಪ್‌ಗಳಲ್ಲಿ ‘ನಾನೇ ನಿಲ್ಲಿಸುವವರೆಗೆ’ ಎಂಬ ಆಯ್ಕೆಯೂ ಇರುತ್ತದೆ. ಹಿಂದೆಂದೋ ಅದನ್ನು ಒತ್ತಿ ಮರೆತಿದ್ದೀರಾ ಎಂದು ಈಗಲೇ ತೆರೆದು ನೋಡಿ.

‘ವಿವರ ನವೀಕರಿಸಿ’ ಎಂಬ ಲಿಂಕ್ ಬಂದಾಗ

ಸಂದೇಶದಲ್ಲಾಗಲಿ ಇಮೇಲಿನಲ್ಲಾಗಲಿ ಬಂದ ಲಿಂಕ್ ಒತ್ತಿ ಸಂಪರ್ಕ ವಿವರ ತಿದ್ದಬೇಡಿ, ಅದು ನಿಜವಾದ ಸಂಸ್ಥೆಯಿಂದಲೇ ಬಂದಂತೆ ಕಂಡರೂ ಬೇಡಿ. ಸಂದೇಶವನ್ನು ಮುಚ್ಚಿ, ಸಂಸ್ಥೆಯ ಆ್ಯಪನ್ನು ನೀವೇ ತೆರೆಯಿರಿ ಅಥವಾ ವಿಳಾಸವನ್ನು ನೀವೇ ಟೈಪ್ ಮಾಡಿ. ನಿಜವಾಗಿಯೂ ತಿದ್ದಬೇಕಾದದ್ದು ಇದ್ದರೆ ಅಲ್ಲಿಯೂ ಸೂಚನೆ ಕಾಣುತ್ತದೆ. ಇದರ ತದ್ವಿರುದ್ಧ ಸಂದೇಶಕ್ಕೆ, ಅಂದರೆ ನೀವು ಏನನ್ನೂ ಮಾಡದಿದ್ದಾಗ ‘ನಿಮ್ಮ ನಂಬರ್ ಬದಲಾಯಿಸಲಾಗಿದೆ’ ಎಂದು ಬಂದದ್ದಕ್ಕೆ, ಒಂದು ಗಂಟೆಯೂ ತಡಮಾಡಬಾರದು. ಆಗಲೂ ಲಿಂಕ್ ಒತ್ತದೆ, ಖಾತೆಯನ್ನು ನೇರವಾಗಿ ತೆರೆದು ನೋಡಬೇಕು.

ಸಾರ್ವಜನಿಕವಾಗಿ ಉಳಿದುಹೋದದ್ದು

ಹುಡುಕಿದಾಗ ನಿಮ್ಮ ನಂಬರ್ ಅಥವಾ ವಿಳಾಸ ಯಾವುದೋ ಪುಟದಲ್ಲಿ ಸಿಕ್ಕಿದರೆ ಮೊದಲು ಆ ಪುಟದವರಿಗೇ ಬರೆಯಿರಿ. ಪುಟದ ಪೂರ್ಣ ವಿಳಾಸ, ಯಾವ ವಿವರ, ತಿದ್ದಬೇಕೇ ತೆಗೆಯಬೇಕೇ, ಇಷ್ಟು ಸಾಕು. ದೃಢೀಕರಣಕ್ಕೆಂದು ಅವರು ಗುರುತಿನ ಚೀಟಿ ಕೇಳಿದರೆ ಯೋಚಿಸಿ ಕೊಡಿ. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ನಿಯಮದ 16ನೆಯ ವಿಧಿ ತಪ್ಪು ವಿವರ ತಿದ್ದಿಸುವ ಹಕ್ಕನ್ನೂ, 17ನೆಯ ವಿಧಿ ಅಳಿಸಿಸುವ ಹಕ್ಕನ್ನೂ ಕೊಡುತ್ತದೆ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು. ಇಂತಹ ಕಾನೂನು ಈಗ ಇತರ ಅನೇಕ ದೇಶಗಳಲ್ಲಿಯೂ ಇದೆ. ಪುಟದವರು ಉತ್ತರಿಸದಿದ್ದರೆ ಸರ್ಚ್ ಫಲಿತಾಂಶದಿಂದ ತೆಗೆಯಲು ಕೇಳಬಹುದು. ಫೋನ್ ನಂಬರ್, ಇಮೇಲ್, ಮನೆ ವಿಳಾಸ ಇರುವ ಫಲಿತಾಂಶಗಳಿಗೂ ಇಂತಹ ಮನವಿಯನ್ನು ಗೂಗಲ್ 2022ರ ಏಪ್ರಿಲ್‌ನಿಂದ ಸ್ವೀಕರಿಸುತ್ತಿದೆ. ಅದು ಒಪ್ಪಿದರೂ ಮೂಲ ಪುಟ ಇದ್ದಲ್ಲಿಯೇ ಇರುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ ಅಷ್ಟೆ.

ಕೊನೆಯ ಹೆಜ್ಜೆ: ನಿಮ್ಮದೇ ಪಟ್ಟಿಯನ್ನು ಶುಚಿಗೊಳಿಸುವುದು

ಕೈ ಹಚ್ಚುವ ಮೊದಲು ಇಡೀ ಸಂಪರ್ಕ ಪಟ್ಟಿಯನ್ನು ವಿ-ಕಾರ್ಡ್ ಕಡತವಾಗಿ ರಫ್ತು ಮಾಡಿ, ಫೋನಿನಿಂದ ಹೊರಗೆ ಒಂದು ಪ್ರತಿ ಇಟ್ಟುಕೊಳ್ಳಿ. ಗೂಗಲ್ ಕಾಂಟ್ಯಾಕ್ಟ್ಸ್ ಬಳಸುವವರಿಗೆ 30 ದಿನಗಳ ಹಿಂದಿನವರೆಗಿನ ಸ್ಥಿತಿಗೆ ಪಟ್ಟಿಯನ್ನು ಮರಳಿಸುವ ಅವಕಾಶವೂ ಇದೆ. ಒಂದೇ ವ್ಯಕ್ತಿಯ ಎರಡು ಮೂರು ನಮೂದುಗಳನ್ನು ಕೂಡಿಸುವ ಸೌಲಭ್ಯ ಬಹುತೇಕ ಫೋನುಗಳಲ್ಲಿದೆ. ಆದರೆ ಹೆಸರು ಒಂದೇ ಇದ್ದ ಮಾತ್ರಕ್ಕೆ ಕೂಡಿಸಲು ಒಪ್ಪಬೇಡಿ, ಒಂದೊಂದನ್ನೂ ನೋಡಿ ಒಪ್ಪಿಗೆ ಕೊಡಿ.

ಕೂಡಿಸಿದ ಮೇಲೆ ಹಳೆಯ ನಂಬರನ್ನು ‘ಇರಲಿ ಬಿಡು’ ಎಂದು ಉಳಿಸುವವರು ಬಹಳ. ನಾನೂ ಹಾಗೆಯೇ ಉಳಿಸಿದ್ದೆ. ಆ ರಾತ್ರಿಯ ಕರೆಯಾಗಿ ಕೆಲವು ವಾರಗಳ ಮೇಲೆ ಒಂದು ದಿನ ನನ್ನ ಫೋನಿನ ಪರದೆಯ ಮೇಲೆ ‘ಅಕ್ಕ’ ಎಂಬ ಹೆಸರಿನಲ್ಲಿ, ನಾನೇ ಇಟ್ಟಿದ್ದ ಅಕ್ಕನ ಫೋಟೋದೊಂದಿಗೆ ಒಂದು ಸಂದೇಶ ಬಂತು. ಕಳಿಸಿದವರು ಅದೇ ಅಪರಿಚಿತರು. ಅಕ್ಕನ ಹೆಸರಿಗೆ ಬಂದ ಇನ್ನೊಂದು ಸಂದೇಶವನ್ನು ದಾಟಿಸಿ ಉಪಕಾರ ಮಾಡಿದ್ದರು. ಹಳೆಯ ನಂಬರ್ ಯಾರ ಕೈಗೆ ಹೋಗಿರುತ್ತದೆಯೋ ಅವರ ಮಾತೆಲ್ಲ ನಿಮ್ಮ ಫೋನಿನಲ್ಲಿ ನಿಮ್ಮವರ ಹೆಸರಿನಲ್ಲಿಯೇ ಕಾಣುತ್ತದೆ, ಅವರು ಹಣ ಕೇಳಿದರೂ ಅಷ್ಟೇ. ಅಂದೇ ಮೂರು ನಮೂದುಗಳನ್ನು ಒಂದಾಗಿಸಿ, ಹಳೆಯ ಎರಡು ನಂಬರುಗಳನ್ನು ಅಳಿಸಿ, ಟಿಪ್ಪಣಿಯ ಜಾಗದಲ್ಲಿ ತಿದ್ದಿದ ದಿನಾಂಕ ಬರೆದೆ. ಆಮೇಲೆ ಅಮ್ಮನ ಫೋನ್ ತೆಗೆದುಕೊಂಡು ಅದರಲ್ಲಿಯೂ ಹಾಗೆಯೇ ಮಾಡಿದೆ.